ಕರಿ ನೆಲ, ಕೆಂಪು ಮುರುಮ್

ಯಾವ ಎಂಜಿನಿಯರಿಂಗ್ ಕಾಲೇಜಿಗಾದರೂ ಹೋಗಿ ನೋಡಿ, ಸಿವಿಲ್‌ನವರ ಪ್ರಯೋಗಾಲಯ ನೆಲಮಹಡಿಯಲ್ಲೇ ಇರುತ್ತದೆ. ಕಾಂಕ್ರೀಟಿನ ಗಟ್ಟಿಯನ್ನು ಹಿಂಡಿ ಒಡೆಯುವ ಯಂತ್ರ, ಕಬ್ಬಿಣದ ಸರಳನ್ನು ಎಳೆದು ತುಂಡರಿಸುವ ಯಂತ್ರ, ಇವನ್ನು ಮಹಡಿ ಹತ್ತಿಸುವ ಧೈರ್ಯ ಯಾರಿಗೂ ಇಲ್ಲ. ಕಂಪ್ಯೂಟರ್ ಸೈನ್ಸಿನವರು ಮೇಲೆ ಎಸಿ ಹಾಕಿಕೊಂಡು ಕೂತಿರುತ್ತಾರೆ. ಕೆಳಗೆ ಕಲಬುರಗಿಯ ಏಪ್ರಿಲ್ ಬಿಸಿಲು, ತಗಡಿನ ತಟ್ಟೆಗಳಲ್ಲಿ ಹರವಿದ ಮಣ್ಣು, ಹಸಿ ಸಿಮೆಂಟಿನ ವಾಸನೆ, ಕಿಟಕಿಯ ಕಟ್ಟೆಯ ಮೇಲೆ ಹೆಸರು ಬರೆದಿಟ್ಟ ಪ್ಲಾಸ್ಟಿಕ್ ಚೀಲಗಳು. ‘ಸೇಡಂ ರೋಡ್, 5 ಅಡಿ ಆಳ’ ಎಂದು ಒಂದರ ಮೇಲೆ. ‘ಕಮಲಾಪುರ, ಗುಡ್ಡದ ಬುಡ’ ಎಂದು ಇನ್ನೊಂದರ ಮೇಲೆ. ಮೊದಲನೆಯದರಲ್ಲಿ ಇರುವುದು ಎರೆಮಣ್ಣು, ಕಾಡಿಗೆಯ ಬಣ್ಣ. ಎರಡನೆಯದು ಇಟ್ಟಿಗೆಪುಡಿಯ ಬಣ್ಣದ ಮುರುಮ್. ಎರಡೂ ಒಂದೇ ಜಿಲ್ಲೆಯ ನೆಲ. ನಡುವೆ ನಲವತ್ತು ಕಿಲೋಮೀಟರೂ ಇಲ್ಲ.

ಮೇಜಿನ ಮೇಲೆ ನಾಲ್ಕು ಗಾಜಿನ ಅಳತೆಜಾಡಿಗಳು ಸಾಲಾಗಿ ನಿಂತಿವೆ, ತಲಾ 100 ಮಿಲಿಲೀಟರಿನವು. ನಿನ್ನೆ ಮಧ್ಯಾಹ್ನ ಮೂರನೆಯ ವರ್ಷದ ಹುಡುಗರು ಎರಡೂ ಮಣ್ಣನ್ನು ಒಲೆಯಲ್ಲಿ ಒಣಗಿಸಿ, 425 ಮೈಕ್ರಾನಿನ ಜರಡಿ ಹಿಡಿದು, ಜಾಡಿಗೆ ಹತ್ತು ಹತ್ತು ಗ್ರಾಂ ತೂಗಿ ಸುರಿದು ಹೋಗಿದ್ದಾರೆ. ಎರಡು ಜಾಡಿಯಲ್ಲಿ ಶುದ್ಧ ನೀರು, ಎರಡರಲ್ಲಿ ಸೀಮೆಎಣ್ಣೆ. ಇಪ್ಪತ್ನಾಲ್ಕು ತಾಸು ಯಾರೂ ಅಲುಗಾಡಿಸುವಂತಿಲ್ಲ. ಲ್ಯಾಬಿನ ಕಾಕಾ ಸೀಮೆಎಣ್ಣೆಯ ಡಬ್ಬಿಗೆ ಬೀಗ ಹಾಕಿಡುತ್ತಾನೆ. ರೇಷನ್ನಿನಲ್ಲಿ ಅದು ಸಿಗುವುದು ಅಪರೂಪವಾದ ಮೇಲೆ ಅವನ ಬಿಗಿ ಹೆಚ್ಚಾಗಿದೆ.

ಇವತ್ತು ಓದುವ ದಿನ. ಎರೆಮಣ್ಣು ಸೀಮೆಎಣ್ಣೆಯಲ್ಲಿ 12ರ ಗೆರೆಗೆ ತಣ್ಣಗೆ ಕೂತಿದೆ. ಅದೇ ಮಣ್ಣು, ಅದೇ ತೂಕ, ನೀರಿನ ಜಾಡಿಯಲ್ಲಿ 24ಕ್ಕೆ ಏರಿದೆ. ಹುಡುಗಿಯೊಬ್ಬಳು ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಬಾಗಿ ಎರಡು ಸಲ ನೋಡಿ ಬರೆದುಕೊಳ್ಳುತ್ತಾಳೆ. ಲೆಕ್ಕ ಸುಲಭ: ಹೆಚ್ಚಿದ ಹನ್ನೆರಡನ್ನು ಮೊದಲಿನ ಹನ್ನೆರಡರಿಂದ ಭಾಗಿಸಿದರೆ ಉಬ್ಬರದ ಸೂಚ್ಯಂಕ ನೂರಕ್ಕೆ ನೂರು. ಐವತ್ತು ದಾಟಿದರೇ ಕಟ್ಟುವವನು ಎಚ್ಚರವಾಗಬೇಕು ಎಂದು ಭಾರತೀಯ ಮಾನಕದ ಪುಸ್ತಕ ಹೇಳುತ್ತದೆ.

ತಮಾಷೆ ಇರುವುದು ಕಮಲಾಪುರದ ಜಾಡಿಗಳಲ್ಲಿ. ಕೆಂಪು ಮಣ್ಣು ನೀರಿನಲ್ಲಿ ಉಬ್ಬಿಲ್ಲ. ಸೀಮೆಎಣ್ಣೆಯಲ್ಲೇ ತುಸು ಹೆಚ್ಚು ಜಾಗ ಹಿಡಿದಿದೆ. ಸೂತ್ರಕ್ಕೆ ಹಾಕಿದರೆ ಉತ್ತರ ಸೊನ್ನೆಗಿಂತ ಕೆಳಗೆ ಬರುತ್ತದೆ. ‘ಉಬ್ಬರ ಮೈನಸ್ ಅಂತ ಹ್ಯಾಂಗ ಬರಿಯೋದ್ರಿ ಸರ್? ಮಣ್ಣು ಕುಗ್ಗೇದ ಅಂತೇನು?’ ಎಂದು ಹುಡುಗರು ಗದ್ದಲ ಮಾಡುತ್ತಾರೆ. ಕುಗ್ಗಿಲ್ಲ. ಕೆಂಪು ಮಣ್ಣಿನಲ್ಲಿರುವ ಕೆಯೊಲಿನೈಟ್ ಎಂಬ ಜೇಡಿಖನಿಜದ ಕಣಗಳು ಸೀಮೆಎಣ್ಣೆಯಲ್ಲಿ ಒಂದಕ್ಕೊಂದು ಅಂಟಿ, ಸಡಿಲ ಗುಂಪುಗಳಾಗಿ ನಿಲ್ಲುತ್ತವೆ, ಆದ್ದರಿಂದ ಹೆಚ್ಚು ಜಾಗ ಹಿಡಿಯುತ್ತವೆ. ಈ ಪೇಚನ್ನು ಕಂಡೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ. ಶ್ರೀಧರನ್ ಮತ್ತು ಮೈಸೂರಿನ ಪ್ರೊ. ಕೆ. ಪ್ರಕಾಶ್ ಹಳೆಯ ಸೂಚ್ಯಂಕ ಬಿಟ್ಟು, ನೀರಿನ ಓದನ್ನು ಸೀಮೆಎಣ್ಣೆಯ ಓದಿನಿಂದ ನೇರ ಭಾಗಿಸಿ ನೋಡುವ ದಾರಿ ಸೂಚಿಸಿದರು. ಭಾಗಲಬ್ಧ ಒಂದು ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಮಣ್ಣಿನ ಉಬ್ಬರದ ಚಿಂತೆ ಬೇಡ. ಎರಡು ದಾಟಿದರೆ ಬೇಕು.

ಎರೆಮಣ್ಣಿನ ಗುಟ್ಟು ಬೇರೆ. ಅದರೊಳಗಿನ ಮಾಂಟ್‌ಮೊರಿಲೊನೈಟ್‌ನ ಪದರಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದಿಲ್ಲ. ನೀರು ಕಂಡರೆ ತಮ್ಮ ನಡುವೆ ಬಿಟ್ಟುಕೊಳ್ಳುತ್ತವೆ, ಬೇಸಿಗೆಯಲ್ಲಿ ನೀರು ಹೊರಟಾಗ ಮತ್ತೆ ಕೂಡಿಕೊಳ್ಳುತ್ತವೆ. ಈ ಸೀಮೆಯ ತೊಗರಿ ನೀರಾವರಿಯಿಲ್ಲದೆ ಡಿಸೆಂಬರ್ ತನಕ ನಿಲ್ಲುವುದು ಇದೇ ಗುಣದಿಂದ. ಕಲಬುರಗಿಗೆ ‘ತೊಗರಿಯ ಕಣಜ’ ಎಂಬ ಹೆಸರು ಕೊಟ್ಟ ಮಣ್ಣೇ ಕಲಬುರಗಿಯ ಮನೆಗಳ ಗೋಡೆ ಸೀಳುತ್ತದೆ. ಒಕ್ಕಲಿಗನ ಕಣ್ಣಿಗೆ ಬಂಗಾರವಾದದ್ದು ಗೌಂಡಿಯ ಕಣ್ಣಿಗೆ ಶನಿ.

ಆ ಸೀಳು ಎಲ್ಲಿ ಕಾಣುತ್ತದೆ ಎಂದು ಈ ಊರಿನ ಸಿವಿಲ್ ವಿದ್ಯಾರ್ಥಿಗೆ ಪಾಠದಲ್ಲಿ ಹೇಳಬೇಕಾಗಿಯೇ ಇಲ್ಲ. ಹಾಸ್ಟೆಲಿನಿಂದ ಬಸ್‌ಸ್ಟ್ಯಾಂಡಿಗೆ ನಡೆಯುತ್ತ ಹೋದರೆ ಸಾಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಛಾವಣಿಯ ಕಡೆ ಹತ್ತುವ ಗೆರೆ, ಕಾಂಪೌಂಡ್ ಗೋಡೆಯ ನಡುವೆ ಬೆರಳು ತೂರುವ ಸಂದು, ಅಂಗಳದಲ್ಲಿ ಒಂದು ಬದಿ ಎದ್ದುನಿಂತ ಶಹಾಬಾದ್ ಫರಸಿ. ಜೂನ್ ಮಳೆ ಬಿದ್ದಾಗ ಮೊದಲು ನೆನೆಯುವುದು ಮನೆಯ ಅಂಚಿನ ಮಣ್ಣು. ನಡುಮನೆಯ ಕೆಳಗಿನ ನೆಲ ಇನ್ನೂ ಒಣಗಿಯೇ ಇರುತ್ತದೆ. ಅಂಚು ಏರುತ್ತದೆ, ನಡು ಏರುವುದಿಲ್ಲ, ಗೋಡೆ ಬಾಯಿ ಬಿಡುತ್ತದೆ. ಮನೆಯವರು ದೀಪಾವಳಿಗೆ ಸಿಮೆಂಟು ಮೆತ್ತಿ ಸುಣ್ಣ ಹೊಡೆಸುತ್ತಾರೆ. ಮುಂದಿನ ಮೇ ಹೊತ್ತಿಗೆ ಗೆರೆ ಹಿಂದಿನ ಜಾಗದಲ್ಲೇ ಮೂಡುತ್ತದೆ.

ಇದಕ್ಕೆ ಪುಸ್ತಕದಲ್ಲಿ ಮದ್ದಿಲ್ಲ ಎಂದಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಅಂಡರ್‌ರೀಮ್ಡ್ ಪೈಲ್ ಇದೆ. ಮಳೆ-ಬಿಸಿಲಿನ ಪ್ರಭಾವ ತಲುಪದ ಆಳದವರೆಗೆ ನೆಲ ಕೊರೆದು, ತಳದಲ್ಲಿ ಕಾಂಡದ ಎರಡೂವರೆ ಪಟ್ಟು ಅಗಲದ ಗಡ್ಡೆ ಬರುವಂತೆ ಕಾಂಕ್ರೀಟು ತುಂಬುವುದು. ಮೇಲಿನ ಮಣ್ಣು ಎಷ್ಟು ಏರಿಳಿದರೂ ಕೆಳಗಿನ ಗಡ್ಡೆ ಹಿಡಿದುಕೊಂಡಿರುತ್ತದೆ. ಇನ್ನೊಂದು ಮದ್ದು ಕಂಡುಕೊಟ್ಟವರು ಐಐಟಿ ಮುಂಬೈಯಲ್ಲಿದ್ದ ಪ್ರೊ. ಆರ್.ಕೆ. ಕಟ್ಟಿ. ಮಲಪ್ರಭೆಯ ಕಾಲುವೆಗಳು ಎರೆಭೂಮಿಯಲ್ಲಿ ಪಟ್ಟ ಪಾಡನ್ನು ಅಧ್ಯಯನ ಮಾಡಿ, ಉಬ್ಬುವ ಮಣ್ಣಿನ ಮೇಲೆ ಉಬ್ಬದ, ಆದರೆ ಅಂಟುಗುಣವಿರುವ ಮಣ್ಣಿನ ದಪ್ಪ ಪದರ ಹಾಕಿದರೆ ಕೆಳಗಿನದರ ಹಾರಾಟ ಅಡಗುತ್ತದೆ ಎಂದು ಅವರು ತೋರಿಸಿದರು. ಪರೀಕ್ಷೆಯಲ್ಲಿ ಇದಕ್ಕೆ ಹತ್ತು ಅಂಕ. ಹಳ್ಳಿಯ ಗೌಂಡಿ ಮಾತ್ರ ಇದಾವುದನ್ನೂ ಓದದೆ, ‘ಮುರುಮ್ ಹತ್ತೋ ತನಕ ಅಗೀರಿ, ಹತ್ತಲಿಲ್ಲಂದ್ರ ತಂದು ಹಾಕ್ರಿ’ ಎನ್ನುತ್ತಾನೆ. ಇಬ್ಬರೂ ಹೇಳುವುದು ಹೆಚ್ಚೂಕಡಿಮೆ ಒಂದೇ ಎಂದು ಹುಡುಗನಿಗೆ ಹೊಳೆಯುವುದು ಆರನೆಯ ಸೆಮಿಸ್ಟರಿನಲ್ಲಿ. ಹೊಳೆಯದೇ ಪಾಸಾಗುವವರೂ ಇದ್ದಾರೆ.

ಈ ಊರಿಗೆ ಎಂಜಿನಿಯರಿಂಗ್ ಓದು ಬಂದದ್ದು 1958ರಲ್ಲಿ. ಮಹಾದೇವಪ್ಪ ರಾಂಪುರೆ ಅವರ ಮುಂದಾಳತ್ವದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಆ ವರ್ಷ ತೆರೆದ ಕಾಲೇಜೇ ಇಂದಿನ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜು, ಊರವರ ಬಾಯಲ್ಲಿ ಪಿಡಿಎ. ನಿಜಾಮನ ಆಳ್ವಿಕೆ ಮುಗಿದು ಹತ್ತು ವರ್ಷ, ವಿಶಾಲ ಮೈಸೂರು ರಾಜ್ಯಕ್ಕೆ ಸೇರಿ ಎರಡೇ ವರ್ಷ ಆಗಿದ್ದ ಕಾಲ ಅದು. ಇಲ್ಲಿನ ಪದವಿಪತ್ರದ ತಲೆಯ ಮೇಲಿನ ಹೆಸರು ಕಾಲಕಾಲಕ್ಕೆ ಬದಲಾಗಿದೆ: ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 1998ರಲ್ಲಿ ಬೆಳಗಾವಿಯ ವಿಟಿಯು ಹುಟ್ಟಿದ ಮೇಲೆ ಅದು. 1980ರಲ್ಲಿ ಖಾಜಾ ಬಂದಾನವಾಜ್ ಕಾಲೇಜು ಶುರುವಾಯಿತು, ಈಗ ಅದು ವಿಶ್ವವಿದ್ಯಾಲಯ. 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯ ಬಂತು. ಸೆಪ್ಟೆಂಬರ್ 15ಕ್ಕೆ ಎಲ್ಲ ಕಡೆಯಂತೆ ಇಲ್ಲೂ ವಿಶ್ವೇಶ್ವರಯ್ಯನವರ ಫೋಟೊಕ್ಕೆ ಹಾರ ಬೀಳುತ್ತದೆ. ಎರಡು ದಿನ ಬಿಟ್ಟರೆ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವದ ಬಾವುಟ. ಮೈಸೂರಿನ ಮುಖ್ಯ ಎಂಜಿನಿಯರ್ ಆಗುವ ಮುನ್ನ, 1908ರ ಮೂಸಿ ಪ್ರವಾಹದ ಬಳಿಕ, ವಿಶ್ವೇಶ್ವರಯ್ಯ ಹೈದರಾಬಾದಿಗೆ ಹೋಗಿ ನಿಜಾಮನ ಸರ್ಕಾರಕ್ಕೆ ನೆರೆ ತಡೆಯುವ ಯೋಜನೆ ಮಾಡಿಕೊಟ್ಟವರು ಎಂಬುದನ್ನು ಭಾಷಣಕಾರರು ಯಾಕೋ ಮರೆಯುತ್ತಾರೆ. ಆಗ ಕಲಬುರಗಿಯೂ ಅದೇ ಸಂಸ್ಥಾನದ್ದು.

ತರಗತಿಯಲ್ಲಿ ಕೂತವರನ್ನು ನೋಡಿದರೆ ಈ ಸೀಮೆಯ ಇನ್ನೊಂದು ಚರಿತ್ರೆ ಕಾಣುತ್ತದೆ. ಸಿಇಟಿಯಲ್ಲಿ ಕಂಪ್ಯೂಟರ್ ಸೀಟು ತಪ್ಪಿ ಸಿವಿಲ್‌ಗೆ ಬಂದವರು ಕೆಲವರು. ಮೊದಲ ಸೆಮಿಸ್ಟರಿನಲ್ಲಿ ಅವರ ಮುಖ ಬೇರೆಯೇ. ಪಾಲಿಟೆಕ್ನಿಕ್ ಮುಗಿಸಿ ನೇರ ಎರಡನೆಯ ವರ್ಷಕ್ಕೆ ಸೇರಿದ ಡಿಪ್ಲೊಮಾ ಹುಡುಗರು ಹಿಂದಿನ ಬೆಂಚಿನ ಯಜಮಾನರು. ಗಣಿತದಲ್ಲಿ ತಡವರಿಸುತ್ತಾರೆ, ಲ್ಯಾಬಿನಲ್ಲಿ ಎಲ್ಲರಿಗಿಂತ ಮುಂದು. ಸಂವಿಧಾನದ 371(ಜೆ) ಕಲಮಿನ ಪ್ರಮಾಣಪತ್ರ ಫೈಲಿನಲ್ಲಿಟ್ಟುಕೊಂಡು ಬಂದವರು ಬಹುಪಾಲು. ಕಿರಿಯ ಎಂಜಿನಿಯರ್ ಹುದ್ದೆಯ ಸ್ಥಳೀಯ ಮೀಸಲಾತಿ ಅವರ ಲೆಕ್ಕಾಚಾರದಲ್ಲಿ ಮೊದಲ ದಿನದಿಂದಲೇ ಇದೆ. ಇವರ ನಡುವೆ ಅಪ್ಪ-ಅವ್ವ ಬೆಂಗಳೂರಿನಲ್ಲೋ ಪುಣೆಯಲ್ಲೋ ಅಪಾರ್ಟ್‌ಮೆಂಟಿನ ಕೆಲಸಕ್ಕೆ ಗುಳೆ ಹೋಗಿರುವ ಮಕ್ಕಳೂ ಕೂತಿರುತ್ತಾರೆ. ಹತ್ತನೇ ಮಹಡಿಯ ಸ್ಲ್ಯಾಬಿಗೆ ಖಡಿ-ಉಸುಕು ಹೊತ್ತವರ ಮಗಳು ಇಲ್ಲಿ ಅದೇ ಸ್ಲ್ಯಾಬಿಗೆ ಎಷ್ಟು ಸರಳು ಬೇಕು ಎಂಬ ಲೆಕ್ಕ ಮಾಡುತ್ತಾಳೆ. ಸೆಂಟ್ರಿಂಗ್ ಎಂದರೆ ಏನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಶಾಲೆಯ ರಜೆಗೆ ಸೈಟಿಗೆ ಹೋದಾಗ ಆ ಹಲಗೆಗಳ ಕೆಳಗೇ ಮಲಗಿ ಎದ್ದವಳು. ಮಣ್ಣನ್ನು ಅಂಗೈಯಲ್ಲಿ ಹೊಸೆದು ಮೂರು ಮಿಲಿಮೀಟರ್ ದಪ್ಪದ ಎಳೆ ಮಾಡಿ, ಅದು ಬಿರಿಯುವ ಕ್ಷಣದ ತೇವಾಂಶ ಅಳೆಯುವ ಪರೀಕ್ಷೆಯೊಂದಿದೆ. ಪೇಟೆಯ ಹುಡುಗರ ಎಳೆ ತುಂಡಾಗುತ್ತಲೇ ಇರುವಾಗ ಅವಳದು ಒಂದೇ ಸಲಕ್ಕೆ ಬಂತು. ‘ಶಾವಿಗಿ ಹೊಸ್ದಂಗ ಹೊಸೀಬೇಕ್ರೋ, ರೊಟ್ಟಿ ತಟ್ಟಿದಂಗ ಅಲ್ಲ’ ಎಂದಳು.

ಸಿವಿಲ್ ಓದಿನ ಹಬ್ಬವೆಂದರೆ ಸರ್ವೆ ಕ್ಯಾಂಪು. ಹೊಸ ಕೆರೆ, ಹಳೆಯ ಕೆರೆಯ ದುರಸ್ತಿ, ರಸ್ತೆ, ಊರಿಗೆ ಕುಡಿಯುವ ನೀರು, ಈ ನಾಲ್ಕು ಯೋಜನೆಗಳನ್ನು ಬಯಲಿನಲ್ಲಿ ಅಳೆದು, ನಕ್ಷೆ ಬರೆದು, ವೈವಾದಲ್ಲಿ ಒಪ್ಪಿಸಬೇಕು. ಕಾಲೇಜಿನ ಕಾಂಪೌಂಡಿನೊಳಗೇ ಅಳೆದು ಮುಗಿಸಿಬಿಡುವ ಚಾಳಿ ಈಚೆಗೆ ಕೆಲವೆಡೆ ಬೆಳೆದಿದೆ. ಅದು ಕ್ಯಾಂಪಲ್ಲ, ಹೋಮ್‌ವರ್ಕ್. ಸಮತಟ್ಟಾದ ಕಲಬುರಗಿಯ ಬಯಲಿನಲ್ಲಿ ಸಮೋನ್ನತ ರೇಖೆ ಎಳೆಯಲು ಕೂತರೆ ಹಾಳೆಯ ತುಂಬ ಎರಡೇ ಗೆರೆ ಬರುತ್ತವೆ. ಏರಿಳಿತ ಬೇಕೆಂದರೆ ಕಮಲಾಪುರದ ಕಡೆ ಹೋಗಬೇಕು.

ಹುಮನಾಬಾದ್ ರಿಂಗ್ ರೋಡ್ ದಾಟಿದರೆ ರಾಷ್ಟ್ರೀಯ ಹೆದ್ದಾರಿ 50. ಬಸ್ಸಿನ ತಲೆಯ ಮೇಲೆ ಟ್ರೈಪಾಡುಗಳು, ಕೆಂಪು-ಬಿಳಿ ಬಳಿದ ಕೋಲುಗಳು, ಹಾಸಿಗೆ ಸುರುಳಿಗಳು. ತಾಜ್ ಸುಲ್ತಾನಪುರ ಬಿಟ್ಟು ಮಹಾಗಾಂವ್ ಕ್ರಾಸಿನತ್ತ ಹೋಗುವವರೆಗೂ ಎರಡೂ ಬದಿ ತೊಗರಿ ಕೊಯ್ದ ಕರಿ ಹೊಲ, ಬಿಸಿಲಿಗೆ ಬಾಯಿಬಿಟ್ಟ ನೆಲ. ಆಮೇಲೆ ರಸ್ತೆ ಏಳುತ್ತ ಹೋಗುತ್ತದೆ. ಹೊಲದ ಬದುಗಳ ಬಣ್ಣ ಮೊದಲು ಕಂದು, ಆಮೇಲೆ ಕೆಂಪು. ರಸ್ತೆಗಾಗಿ ಕಡಿದ ಗುಡ್ಡದ ಗೋಡೆಯಲ್ಲಿ ತೂತು ತೂತಾದ ಜಂಬಿಟ್ಟಿಗೆ ಕಲ್ಲು ಇಣುಕುತ್ತದೆ. ಬೀದರ್‌ವರೆಗೂ ಹಬ್ಬಿದ ಅದೇ ಕಲ್ಲು. ಮೇಷ್ಟ್ರು ಬಸ್ಸು ನಿಲ್ಲಿಸಿ, ಎಲ್ಲರನ್ನೂ ಇಳಿಸಿ ಆ ಗೋಡೆಯ ಮುಂದೆ ನಿಲ್ಲಿಸುತ್ತಾರೆ. ಮೇಲೆ ಗಟ್ಟಿ ಕೆಂಪು ಕವಚ, ಅದರ ಕೆಳಗೆ ಮೆತ್ತನೆಯ ಚುಕ್ಕೆ ಮಣ್ಣು, ಇನ್ನೂ ಕೆಳಗೆ ಶಿಥಿಲವಾದ ಕಪ್ಪು ಬಸಾಲ್ಟ್. ಜ್ವಾಲಾಮುಖಿಯ ಒಂದೇ ಕಲ್ಲು ಎತ್ತರದ ಮೇಲೆ ಬಸಿದುಹೋಗಿ ಕೆಂಪಾಗಿದೆ, ತಗ್ಗಿನಲ್ಲಿ ನೀರು ನಿಂತು ಎರೆಯಾಗಿದೆ. ಲ್ಯಾಬಿನ ಎರಡು ಚೀಲಗಳ ಮೂಲ ಇಲ್ಲಿ ಒಂದೇ ಗೋಡೆಯಲ್ಲಿದೆ. ಅರ್ಧ ಜನ ಫೋಟೊ ತೆಗೆಯುತ್ತಾರೆ, ಅರ್ಧ ಜನ ಚಹಾ ಎಲ್ಲಿ ಸಿಗುತ್ತದೆ ಎಂದು ನೋಡುತ್ತಾರೆ.

ಕಮಲಾಪುರ 2018ರಲ್ಲಿ ತಾಲ್ಲೂಕಾದ ಊರು. ಅದಕ್ಕೂ ಮುಂಚಿನಿಂದ ಅದರ ಹೆಸರು ಹೊತ್ತು ತಿರುಗಿದ್ದು ಭೌಗೋಳಿಕ ಗುರುತಿನ ಪಟ್ಟ ಪಡೆದ ಕೆಂಪು ಬಾಳೆ. ಕಂದುಗೆಂಪು ಸಿಪ್ಪೆ, ಒಳಗೆ ಕೆನೆಬಣ್ಣದ ತಿರುಳು, ಒಂದು ಹಣ್ಣು ತಿಂದರೆ ಒಂದು ಹೊತ್ತು ತಳ್ಳಬಹುದು. ಬೆಲೆ ಮಾತ್ರ ವಿದ್ಯಾರ್ಥಿಯ ಜೇಬಿಗೆ ಹೊಂದುವಂಥದ್ದಲ್ಲ. ಡಜನ್ ಕೇಳುವವರಿಲ್ಲ, ಇಬ್ಬರಿಗೊಂದು ಕೊಳ್ಳುತ್ತಾರೆ.

ಬೆಳಿಗ್ಗೆ ಆರಕ್ಕೆ ಕೆಲಸ ಶುರು. ಹನ್ನೊಂದು ದಾಟಿದರೆ ಬಿಸಿಗಾಳಿ ನೆಲದಿಂದ ಏಳುತ್ತದೆ, ದುರ್ಬೀನಿನೊಳಗೆ ಕೋಲಿನ ಅಂಕಿಗಳು ಕುಣಿಯುತ್ತವೆ, ಓದಿದ್ದು ನಂಬುವಂತಿರುವುದಿಲ್ಲ. ಆಟೋ ಲೆವೆಲ್ಲಿನ ಹಿಂದೆ ಒಬ್ಬ, ಪುಸ್ತಕ ಹಿಡಿದು ಒಬ್ಬಳು, ನಾಲ್ಕು ಮೀಟರಿನ ಸ್ಟಾಫ್ ಹೊತ್ತು ಮುಳ್ಳುಕಂಟಿಯ ನಡುವೆ ಒಬ್ಬ. ಕೋಲು ನೆಟ್ಟಗಿದೆಯೋ ಇಲ್ಲವೋ ದೂರದಿಂದ ತಿಳಿಯುವುದಿಲ್ಲ. ಅದಕ್ಕೆ ಕೋಲಿನವನು ಅದನ್ನು ಮೆಲ್ಲಗೆ ಮುಂದಕ್ಕೂ ಹಿಂದಕ್ಕೂ ತೂಗುತ್ತಾನೆ. ದುರ್ಬೀನಿನಲ್ಲಿ ಅಂಕಿ ಇಳಿಯುತ್ತದೆ, ಮತ್ತೆ ಏರುತ್ತದೆ. ಅತಿ ಕಡಿಮೆ ಕಂಡದ್ದೇ ನಿಜವಾದ ಓದು, ಏಕೆಂದರೆ ಓರೆಯಾದ ಕೋಲು ಯಾವಾಗಲೂ ಹೆಚ್ಚು ತೋರಿಸುತ್ತದೆ. ‘ಒಂದು ಪಾಯಿಂಟ್ ಮೂರು ನಾಲ್ಕು ಐದು!’ ಎಂಬ ಕೂಗು ಬಾಳೆತೋಟ ದಾಟಿ ಹೋಗುತ್ತದೆ. ಪುಸ್ತಕದವಳು ಅದನ್ನೇ ತಿರುಗಿ ಕೂಗಿ ಬರೆದುಕೊಳ್ಳಬೇಕು. ಕೂಗದೆ ಬರೆದ ದಿನವೇ ಐದು ಒಂಬತ್ತಾಗುತ್ತದೆ.

ಟೋಟಲ್ ಸ್ಟೇಷನ್ ಬಂದ ಮೇಲೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಆ ಯಂತ್ರ ಗುಂಡಿ ಒತ್ತಿದರೆ ದೂರ, ಕೋನ, ಎತ್ತರ ಮೂರನ್ನೂ ಕೊಡುತ್ತದೆ, ನಿಜ. ತಪ್ಪು ಎಲ್ಲಾಯಿತು ಎಂದು ಮಾತ್ರ ಹೇಳುವುದಿಲ್ಲ. 1815ರಲ್ಲಿ ವಿಲಿಯಂ ಲ್ಯಾಂಬ್ಟನ್ ಭಾರತದ ಬೆನ್ನುದ್ದಕ್ಕೂ ತ್ರಿಕೋನಗಳನ್ನು ಹೂಡುತ್ತ ಇದೇ ಸೀಮೆಗೆ ಬಂದು, ಬೀದರ್ ಹತ್ತಿರದ ದಮರಗಿದ್ದದಲ್ಲಿ ಸರಪಳಿ ಹಾಸಿ ಅಡಿಗೆರೆ ಅಳೆದ. ದಕ್ಷಿಣದಿಂದ ಹೊತ್ತುತಂದ ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡುವುದೇ ಆ ಅಳತೆಯ ಉದ್ದೇಶ. ಕ್ಯಾಂಪಿನ ಹುಡುಗರ ತಾಳೆ ಇದಕ್ಕಿಂತ ಚಿಕ್ಕದು, ಆದರೆ ಬಿಡುವಂಥದ್ದಲ್ಲ: ಹೊರಟ ಜಾಗಕ್ಕೇ ಸುತ್ತಿ ಬಂದು ಎತ್ತರ ಕೂಡಿಸಬೇಕು. ಸಾಧಾರಣ ಕೆಲಸಕ್ಕೆ ಕಿಲೋಮೀಟರುಗಳ ವರ್ಗಮೂಲವನ್ನು 24ರಿಂದ ಗುಣಿಸಿದಷ್ಟು ಮಿಲಿಮೀಟರ್ ಮಾಫಿ. ನಾಲ್ಕು ಕಿಲೋಮೀಟರ್ ಸುತ್ತಿದವರಿಗೆ 48. ಹನ್ನೊಂದು ಸೆಂಟಿಮೀಟರ್ ವ್ಯತ್ಯಾಸ ತಂದ ತಂಡ ಮರುದಿನ ಐದಕ್ಕೇ ಏಳುತ್ತದೆ.

ಯಂತ್ರ ಹೂಡಿದ ಹದಿನೈದು ನಿಮಿಷದೊಳಗೆ ಹೊಲದ ಯಜಮಾನ ಬರದೆ ಇರುವುದಿಲ್ಲ. ಹೆಗಲ ಮೇಲೆ ಟವೆಲು, ಕೈಯಲ್ಲಿ ಕುಡಗೋಲು.

‘ಏನ್ ಅಳೀಲಾಕತ್ತೀರಿ ತಮ್ಮಾ? ರೋಡ್ ಬರ್ತದೇನು?’

‘ಇಲ್ರಿ ಕಾಕಾ, ಕಾಲೇಜಿಂದ ಬಂದೀವ್ರಿ. ಕಲೀಲಾಕ.’

‘ಕಲೀಲಾಕ ನನ್ನ ಹೊಲಾನೇ ಬೇಕಾಗಿತ್ತೇನು? ಮೊದಲೂ ಹಿಂಗೇ ಕೋಲು ಹಿಡಕೊಂಡು ಬಂದಿದ್ರು. ಆಮ್ಯಾಗ ರೈಲು ಬಂತು.’

ಅವನ ಅನುಮಾನದಲ್ಲಿ ತಪ್ಪಿಲ್ಲ. ಕಲಬುರಗಿ-ಬೀದರ್ ನಡುವಿನ 110 ಕಿಲೋಮೀಟರ್ ರೈಲುಮಾರ್ಗ ಹೀಗೆಯೇ ಕೋಲು-ಟ್ರೈಪಾಡುಗಳಿಂದ ಶುರುವಾಗಿ, ಎರಡು ದಶಕ ಎಳೆದಾಡಿ, 2017ರ ಅಕ್ಟೋಬರ್ 29ರಂದು ಓಡಾಟಕ್ಕೆ ತೆರೆಯಿತು. ಕಮಲಾಪುರಕ್ಕೆ ನಿಲ್ದಾಣ ಸಿಕ್ಕಿತು. ಮರಗುತ್ತಿಯ ಬಳಿ ಗುಡ್ಡ ಕೊರೆದು ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಸುರಂಗ ಮಾಡಿದರು; ಬಯಲುಸೀಮೆಯ ಮಕ್ಕಳಿಗೆ ರೈಲಿನೊಳಗೆ ಹಗಲಲ್ಲೇ ಕತ್ತಲಾಗುವ ಮೋಜು. ಕ್ಯಾಂಪಿಗೆ ಬಂದವರು ಒಂದು ಸಂಜೆ ಅದರ ಬಾಯಿಯ ತನಕ ಹೋಗಿ, ಬಸಿಯುವ ಗುಡ್ಡದ ನೀರನ್ನು ಎಲ್ಲಿ ಹೊರಡಿಸುತ್ತಾರೆ ಎಂದು ದೂರದಿಂದ ನೋಡಿ ಬರುತ್ತಾರೆ.

ಅನುಮಾನ ತೀರಿದ ಮೇಲೆ ಯಜಮಾನ ಹೊಲದ ಬದುವಿನ ಮೇಲೆ ಕೂತು ಇವರ ಕೆಲಸ ನೋಡುತ್ತಾನೆ. ಸ್ವಲ್ಪ ಹೊತ್ತಿಗೆ ತಡೆಯಲಾಗುವುದಿಲ್ಲ. ‘ಒಡ್ಡು ಅಲ್ಲಿ ಹಾಕ್ತೀರೇನು? ನೀರು ಅಲ್ಲಿಂದ ಬರಂಗಿಲ್ಲ. ದೊಡ್ಡ ಮಳಿ ಬಂದಾಗ ಆ ಬೇವಿನ ಗಿಡದ ಬುಡದಾಗಿಂದ ಹಾಯ್ತದ.’ ಹುಡುಗರು ಸರ್ವೇ ಆಫ್ ಇಂಡಿಯಾದ ಭೂಪಟ ಬಿಚ್ಚಿ ನೋಡುತ್ತಾರೆ. ಪಟದಲ್ಲಿ ಹಳ್ಳದ ನೀಲಿ ಗೆರೆ ಇವರು ಹಿಡಿದ ಕಡೆಗೇ ಇದೆ. ಬೇವಿನ ಗಿಡದ ಬುಡಕ್ಕೆ ಹೋದರೆ ಕಳೆದ ಮಳೆಗಾಲದ ಕಸಕಡ್ಡಿ ಮೊಣಕಾಲೆತ್ತರಕ್ಕೆ ಕಾಂಡಕ್ಕೆ ಸಿಕ್ಕಿಕೊಂಡಿದೆ. ಆ ದಿನ ಕೋಡಿಯ ಜಾಗ ಬದಲಾಯಿತು. ವೈವಾದಲ್ಲಿ ‘ಈ ಸ್ಥಳವನ್ನೇ ಏಕೆ ಆರಿಸಿಕೊಂಡಿರಿ’ ಎಂದರೆ ಹೊರಗಿನ ಪರೀಕ್ಷಕರ ಮುಂದೆ ಬೇವಿನ ಗಿಡದ ಹೆಸರು ಹೇಳುವ ಎದೆಗಾರಿಕೆ ಎಷ್ಟು ಜನರಿಗಿರುತ್ತದೆ ಎಂಬುದು ಬೇರೆ ಮಾತು. ನಾನು ಪರೀಕ್ಷಕನಾಗಿದ್ದರೆ ಪೂರ್ಣ ಅಂಕ ಕೊಡುತ್ತಿದ್ದೆ.

ರಾತ್ರಿ ಛತ್ರದಲ್ಲಿ ಖಡಕ್ ರೊಟ್ಟಿ, ಝುಣಕ, ಶೇಂಗಾ ಹಿಂಡಿ. ಊಟದ ತಟ್ಟೆ ತೊಳೆದಿಟ್ಟು ಅದೇ ನೆಲದ ಮೇಲೆ ಹಾಳೆ ಹಾಸುತ್ತಾರೆ. ಹಗಲಿನ ನೂರಾರು ಅಂಕಿಗಳನ್ನು ಚುಕ್ಕೆಗಳಾಗಿ ಇಟ್ಟು, ಒಂದೇ ಎತ್ತರದ ಚುಕ್ಕೆಗಳನ್ನು ಕೈಗೆರೆಯಿಂದ ಸೇರಿಸುತ್ತ ಹೋದರೆ ನಡುರಾತ್ರಿಯ ಹೊತ್ತಿಗೆ ಕಣಿವೆಯೊಂದು ಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ. ಎರಡು ಗೆರೆ ಒಂದನ್ನೊಂದು ದಾಟಿದರೆ ಎಲ್ಲೋ ತಪ್ಪಿದೆ ಎಂದರ್ಥ, ಏಕೆಂದರೆ ನೆಲದ ಒಂದು ಬಿಂದುವಿಗೆ ಎರಡು ಎತ್ತರ ಇರಲಾರದು. ಕೆರೆಯ ಏರಿ ಹೇಗೆ ಕಟ್ಟುವುದು ಎಂಬ ಪ್ರಶ್ನೆ ಬರುವುದೂ ಆಗಲೇ. ಕಮಲಾಪುರ ತಾಲ್ಲೂಕಿನ ಬೆಳಕೋಟದಲ್ಲಿ ಗಂಡೋರಿ ನಾಲಾಕ್ಕೆ ಅಣೆಕಟ್ಟು ಇದೆ, ಹಗಲಲ್ಲಿ ನೋಡಿಬಂದಿದ್ದಾರೆ. ಮಣ್ಣಿನ ಏರಿಯ ಪಾಠ ಇಷ್ಟು: ನೀರು ಬಿಡದ ಕರಿ ಜೇಡಿಮಣ್ಣು ನಡುವೆ ತಿರುಳಾಗಿ, ಜಾರದ ಮುರುಮ್ ಎರಡೂ ಬದಿಗೆ ಹೊದಿಕೆಯಾಗಿ. ಮನೆಯ ಪಾಯದಲ್ಲಿ ಶತ್ರುವಾಗಿದ್ದ ಎರೆಮಣ್ಣನ್ನು ಇಲ್ಲಿ ಹುಡುಕಿ ತಂದು ಒಳಗಿಡಬೇಕು. ಯಾವಾಗಲೂ ಒದ್ದೆಯಾಗಿರುವ ಕಡೆ ಅದು ಉಬ್ಬಿ-ಕುಗ್ಗಿ ಆಟವಾಡುವುದಿಲ್ಲ.

ಊರಿಗೆ ಮರಳಿದರೆ ಕಾಂಕ್ರೀಟಿನ ಕಾಲ. ವಾಡಿ, ಸೇಡಂ, ಮಳಖೇಡ, ಮೂರೂ ಕಡೆ ಸಿಮೆಂಟು ಕಾರ್ಖಾನೆಗಳಿರುವ ಜಿಲ್ಲೆ ಇದು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದ ಹೆಸರನ್ನು ಈಗಿನವರು ಹೆಚ್ಚಾಗಿ ಕೇಳುವುದು ಸಿಮೆಂಟಿನ ಲಾರಿಯವರ ಬಾಯಲ್ಲಿ. ಸಿಮೆಂಟಿಗೆ ಬರವಿಲ್ಲ, ಬರ ನೀರಿಗೆ ಮತ್ತು ನೆರಳಿಗೆ. ವಾತಾವರಣ 40 ಡಿಗ್ರಿ ದಾಟಿದರೆ ಕಾಂಕ್ರೀಟು ಹಾಕುವುದಕ್ಕೆ ಮಾನಕದಲ್ಲಿ ಬೇರೆಯೇ ನಿಯಮಾವಳಿ ಇದೆ. ಕಲಬುರಗಿಯಲ್ಲಿ ಏಪ್ರಿಲ್-ಮೇ ಎಂದರೆ ದಿನವೂ ಅದೇ. ಹದಿನೈದು ಸೆಂಟಿಮೀಟರಿನ ಘನಗಳನ್ನು ಅಚ್ಚಿನಿಂದ ತೆಗೆದು ತೊಟ್ಟಿಯ ನೀರಿನಲ್ಲಿ ಮುಳುಗಿಸುತ್ತಾರೆ, ಏಳನೆಯ ದಿನಕ್ಕೆ ಕೆಲವು, ಇಪ್ಪತ್ತೆಂಟನೆಯ ದಿನಕ್ಕೆ ಉಳಿದವು ಒಡೆಯಲು. ಒಡೆಯುವ ದಿನ ತರಗತಿಯೆಲ್ಲ ಯಂತ್ರದ ಸುತ್ತ ನಿಲ್ಲುತ್ತದೆ. ಮುಳ್ಳು ಏರುತ್ತದೆ, ಘನದ ಬದಿಗಳಿಂದ ಚಕ್ಕೆ ಏಳುತ್ತದೆ, ಟಪ್ ಎಂದು ಒಂದು ಸದ್ದು. ಸರಿಯಾಗಿ ಒಡೆದ ಘನ ಮರಳುಗಡಿಯಾರದ ಆಕಾರದಲ್ಲಿ ಉಳಿಯುತ್ತದೆ. ತೊಟ್ಟಿಗೆ ಹಾಕದೆ ಬಿಸಿಲಲ್ಲಿಟ್ಟ ಘನವನ್ನೂ ಬೇಕೆಂದೇ ಒಡೆದು ತೋರಿಸುತ್ತಾರೆ. ಅದು ಬೇಗ ಸೋಲುತ್ತದೆ. ಊರಲ್ಲಿ ಮನೆ ಕಟ್ಟುವವರು ಮೂರು ದಿನ ನೀರು ಹೊಡೆದು ಟ್ಯಾಂಕರಿನ ದುಡ್ಡು ಉಳಿಸುವುದನ್ನು ಕಂಡ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಸರಳೂ ಇಲ್ಲದೆ ಸಿಮೆಂಟೂ ಇಲ್ಲದೆ ನಿಂತದ್ದನ್ನು ನೋಡಬೇಕೆಂದರೆ ಕಲಬುರಗಿಯ ಕೋಟೆಗೆ ಹೋಗಬೇಕು. 1367ರ ಜಾಮಾ ಮಸೀದಿ 216 ಅಡಿ ಉದ್ದ, 176 ಅಡಿ ಅಗಲ. ತೆರೆದ ಅಂಗಳವೇ ಇಲ್ಲದೆ ಇಡೀ ಕಟ್ಟಡದ ಮೇಲೆ ಗುಮ್ಮಟಗಳ ಛಾವಣಿ. ಹೊರಸಾಲಿನ ಕಮಾನುಗಳು ನೆಲಕ್ಕೆ ಹತ್ತಿರದಿಂದಲೇ ಹೊರಟು ಅಗಲವಾಗಿ ಬಾಗುತ್ತವೆ. ಕಮಾನು ಕೆಳಕ್ಕೆ ಒತ್ತುವುದಲ್ಲದೆ ಬದಿಗೂ ಒತ್ತುತ್ತದೆ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಕಲಿತವರು ಇಲ್ಲಿ ಮೂಲೆಯ ಕಂಬಗಳ ದಪ್ಪ ನೋಡಿ ತಲೆದೂಗುತ್ತಾರೆ. ಒಂದು ಕಮಾನು ಪಕ್ಕದ ಕಮಾನನ್ನು ತಡೆಯುತ್ತದೆ. ಕೊನೆಯದನ್ನು ತಡೆಯಲು ಬೇಕು ಆ ದಪ್ಪ.

ಕೊನೆಯ ವರ್ಷದ ಪಾಠ ಎಸ್ಟಿಮೇಟು. ಲೋಕೋಪಯೋಗಿ ಇಲಾಖೆಯ ದರಪಟ್ಟಿ, ಅಂದರೆ ಎಸ್.ಆರ್., ಅಳತೆ ಪುಸ್ತಕ, ಅಂದರೆ ಎಂ.ಬಿ. ಇವೆರಡು ಗೊತ್ತಿಲ್ಲದ ಎಂಜಿನಿಯರನ್ನು ಯಾವ ಗುತ್ತಿಗೆದಾರನೂ ಎಂಜಿನಿಯರ್ ಎನ್ನುವುದಿಲ್ಲ. ಓದಿದ್ದನ್ನು ಹಚ್ಚಿ ನೋಡುವ ಅವಕಾಶ ಕೆಲವರಿಗೆ ಮನೆಯಲ್ಲೇ ಕಾದಿರುತ್ತದೆ. ಮಹಾಗಾಂವ್ ಕ್ರಾಸಿನಿಂದ ಒಳಗಿನ ಹಳ್ಳಿಯೊಂದರಲ್ಲಿ ಹೀಗೆ ಒಂದು ಮನೆ ಏಳುತ್ತಿತ್ತು. ಮೂವತ್ತು-ನಲವತ್ತರ ಜಾಗ, ಎರೆನೆಲ. ಹಳೆಯ ಮಣ್ಣಿನ ಮಾಳಿಗೆ ಕೆಡವಿ ಅಪ್ಪ ಮೂರು ಅಡಿ ಪಾಯ ತೋಡಿಸಿದ್ದ. ಮಗ ರಜೆಗೆ ಬಂದವನು ತಗ್ಗಿಗೆ ಇಳಿದು, ಒಂದು ಹಿಡಿ ಮಣ್ಣು ತೆಗೆದು, ಉಗುಳಿನಲ್ಲಿ ಒದ್ದೆ ಮಾಡಿ ಹೊಸೆದು ನೋಡಿದ.

‘ಇನ್ನ ಎರಡು ಅಡಿ ಅಗೀಬೇಕಪ್ಪಾ. ಅಗದು ಎರಡು ಅಡಿ ಮುರುಮ್ ತುಂಬಬೇಕು. ಪದರು ಪದರಾಗಿ, ನೀರು ಹೊಡದು, ಕುಟ್ಟಿ.’

ಅಪ್ಪ ಗೌಂಡಿಯ ಮುಖ ನೋಡಿದ. ಗೌಂಡಿ ಬೀಡಿ ಆರಿಸಿ, ‘ನಾನೂ ಅದೇ ಅಂದಿದ್ನಲ್ರೀ ಸಾವ್ಕಾರ್ರ. ನನ್ನ ಮಾತು ಕೇಳಲಿಲ್ಲ, ಈಗ ಇಂಜಿನಿಯರ್ ಸಾಹೇಬ್ರು ಹೇಳ್ತಾರ ನೋಡ್ರಿ’ ಎಂದ.

ಮಗ ಅಂಗಳದ ಫರಸಿಯ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಹಾಕಿದ. ಮೂವತ್ತು ಗುಣಿಸು ನಲವತ್ತು, ಗುಣಿಸು ಎರಡು: 2400 ಘನ ಅಡಿ, ಅಂದರೆ 24 ಬ್ರಾಸ್. ಕುಟ್ಟಿದ ಮೇಲೆ ಇಳಿಯುವುದಕ್ಕೆ ಕಾಲುಭಾಗ ಸೇರಿಸಿದರೆ 30. ಟ್ರ್ಯಾಕ್ಟರಿಗೆ ಒಂದು ಬ್ರಾಸಿನಂತೆ ಮೂವತ್ತು ಟ್ರಿಪ್ಪು. ಅಪ್ಪ ಅಂಕಿಯನ್ನು ದಿಟ್ಟಿಸಿ, ಮುರುಮಿನ ದರ ಎಷ್ಟು ಎಂದು ಎಸ್.ಆರ್.ನಲ್ಲಿ ನೋಡು ಎಂದ. ಎಸ್.ಆರ್.ನ ದರಕ್ಕೆ ಯಾವ ಟ್ರ್ಯಾಕ್ಟರಿನವನೂ ಬರುವುದಿಲ್ಲ ಎಂದು ಗೌಂಡಿ ನಕ್ಕ, ಕಮಲಾಪುರದ ಕಡೆ ತನ್ನ ಅಳಿಯನದೊಂದು ಟ್ರ್ಯಾಕ್ಟರಿದೆ, ಅವನಿಗೆ ಫೋನು ಹಚ್ಚಲೇನು ಎಂದು ಕೇಳಿದ.